ಗುಡ್ಡ ಕುಸಿದ ದಿನದ ಜಗಳ

ಮಾತು ಬಿಡುವುದು ಸುಲಭದ ಕೆಲಸ ಎಂದು ಯಾರಾದರೂ ತಿಳಿದಿದ್ದರೆ ಅವರು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಒಂದೇ ಬಸ್ಸಿನಲ್ಲಿ ಅದನ್ನು ಮಾಡಿ ನೋಡಬೇಕು. ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಅದನ್ನು ವರ್ಷಗಟ್ಟಲೆ ಮಾಡಿದೆವು. ಬಾದನಹಟ್ಟಿಯ ನಮ್ಮ ಮನೆಯಲ್ಲಿ ಅತ್ತೆಯೇ ನಮ್ಮಿಬ್ಬರ ನಡುವಿನ ಟಪಾಲು. "ಆಕಿಗೆ ಹೇಳ್ರಿ, ಜ್ವಾಳದ ಹಿಟ್ಟು ಮುಗದೈತಿ" ಎಂದು ನೆಗೆಣ್ಣಿ ಅತ್ತೆಗೆ ಅನ್ನುತ್ತಿದ್ದಳು, ನಾನು ಕೈಗೆ ಸಿಗುವಷ್ಟು ಹತ್ತಿರದಲ್ಲಿ ರೊಟ್ಟಿ ಬಡಿಯುತ್ತಿರುವಾಗಲೇ. "ಕಿವಿ ಅದಾವು, ಕೇಳಿಸೇತಿ ಅಂತ ಹೇಳ್ರಿ" ಎಂದು ನಾನು ಅನ್ನುತ್ತಿದ್ದೆ. ಅತ್ತೆ ಹೊಲಕ್ಕೆ ಹೋದ ದಿನ ಗೋಡೆಗೆ, ಕೊಡಕ್ಕೆ, ಎಮ್ಮೆಗೆ ಹೇಳುತ್ತಿದ್ದೆವು. ಎಮ್ಮೆ ಪಾಪ, ನಮ್ಮಿಬ್ಬರಿಂದಲೂ ಬೈಸಿಕೊಂಡಿದೆ.

ಬಳ್ಳಾರಿಯ ಅಂಚಿನಲ್ಲಿ ಗುಡ್ಡವೊಂದರ ಬುಡಕ್ಕಿದ್ದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನಮ್ಮಿಬ್ಬರಿಗೂ ಕೆಲಸ. ನನ್ನನ್ನು ಅಲ್ಲಿಗೆ ಸೇರಿಸಿದವಳು ಅವಳೇ. ಅದನ್ನು ದಿನಕ್ಕೊಮ್ಮೆ ನೆನಪಿಸಿದವಳೂ ಅವಳೇ. ನಾನು ಪಿಯುಸಿ ಮುಗಿಸಿದವಳು, ಅವಳು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಚೆಕಿಂಗ್ ಟೇಬಲ್ಲಿಗೆ ಅವಳನ್ನು ಹಾಕಿದರು, ನನ್ನನ್ನು ಹಿಂದಿನ ಗೋಡೆಯ ಪಕ್ಕದ ಕೊನೆಯ ಮೆಷಿನ್ನಿಗೆ ಕೂರಿಸಿದರು. ನಾವು ಹೊಲಿದ ಪ್ಯಾಂಟುಗಳನ್ನು ತಿರುವಿ ನೋಡಿ, ತಪ್ಪಿದ್ದಲ್ಲಿ ಸೀಮೆಸುಣ್ಣದ ಚಾಕಿನಿಂದ ಗೀಟು ಹಾಕಿ ವಾಪಸ್ ಕಳಿಸುವುದು ಅವಳ ಕೆಲಸ. ವಾಪಸ್ ಬಂದ ಬಂಡಲಿಗೆ ನಮ್ಮಲ್ಲಿ ಆಲ್ಟರ್ ಎನ್ನುತ್ತೇವೆ. ಬಿಚ್ಚಿ ಮತ್ತೆ ಹೊಲಿಯಬೇಕು.

ಒಂದು ದಿನ ಇಡೀ ಲೈನಿನ ಮುಂದೆ ನನ್ನ ಬಂಡಲನ್ನು ನನ್ನ ಮಡಿಲಿಗೆ ಎಸೆದಳು. ಕೈಗೆ ಕೊಟ್ಟಿದ್ದರೆ ತಗೊಳ್ಳುತ್ತಿದ್ದೆ. ಎಸೆದಳು. ನಾನು ಅದನ್ನು ಅವಳ ಟೇಬಲ್ಲಿನ ಮೇಲೆ ತಿರುಗಿ ಎಸೆದೆ. ಸಂಜೆ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ ಕೂತೆ. ಕುರುಗೋಡಿನಲ್ಲಿ ಇಳಿದು ಊರಿನ ಬಸ್ಸಿಗೆ ಕಾಯುವಾಗ ಅವಳು ಕಂಬದ ಆ ಕಡೆ ನಿಂತಳು, ನಾನು ಈ ಕಡೆ. ಅವತ್ತಿನಿಂದ ಶುರುವಾಯಿತು.

ಮಾತು ಬಿಟ್ಟವರಲ್ಲಿ ಒಂದು ಕಟ್ಟುನಿಟ್ಟು ಇರುತ್ತದೆ. ಮೊದಲು ಬಾಯಿ ಬಿಟ್ಟವರು ಸೋತಂತೆ. ಹಬ್ಬಕ್ಕೆ ಸೋಲಬಾರದು, ಜ್ವರಕ್ಕೆ ಸೋಲಬಾರದು. ನನ್ನ ಅಪ್ಪ ತೀರಿಕೊಂಡಾಗ ಅವಳು ತೆಕ್ಕಲಕೋಟೆಯ ನನ್ನ ತವರಿಗೆ ಬಂದಳು, ನನ್ನ ತಾಯಿಯನ್ನು ಅಪ್ಪಿಕೊಂಡು ಅತ್ತಳು, ನನ್ನ ಪಕ್ಕದಲ್ಲೇ ಕೂತಳು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಮರೆಯಲಿಲ್ಲ, ಮರೆಯುವ ಮನಸ್ಸೂ ಇರಲಿಲ್ಲ.

ಇನ್ನು ಆ ಗುಡ್ಡದ ಮಾತು. ನಾನು ಸೇರಿದಾಗ ಅದು ಶೆಡ್ಡಿನಿಂದ ಸ್ವಲ್ಪ ದೂರ ಇತ್ತು. ಬಂಡೆಗಳ ನಡುವೆ ಕೆಂಪು ಮಣ್ಣು, ಮಣ್ಣಿನಲ್ಲಿ ಸೀತಾಫಲದ ಗಿಡಗಳು. ಆಮೇಲೆ ಮಾಲೀಕ ಇನ್ನೊಂದು ಸಾಲು ಮೆಷಿನ್ ಹಾಕಬೇಕೆಂದು ಜೆಸಿಬಿ ತರಿಸಿ ಗುಡ್ಡದ ಬುಡ ಕೆತ್ತಿಸಿದ. ಬೆಲ್ಲದ ಅಚ್ಚನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ ಗುಡ್ಡ ನೆಟ್ಟಗೆ ನಿಂತಿತು. ಅದಕ್ಕೆ ಅಂಟಿಕೊಂಡೇ ಇಟ್ಟಿಗೆಯ ಗೋಡೆ ಕಟ್ಟಿ ಮೇಲೆ ತಗಡು ಹೊದಿಸಿದರು. ಆ ಹೊಸ ಗೋಡೆಯ ಪಕ್ಕಕ್ಕೇ ನನ್ನ ಮೆಷಿನ್ನನ್ನು ಸರಿಸಿದರು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆಯ ಜನಕ್ಕೆ ಮಳೆಯ ರೂಢಿ ಇಲ್ಲ, ಬಂದರೆ ಖುಷಿಪಡುತ್ತೇವೆ, ಹೆದರುವುದು ಗೊತ್ತಿಲ್ಲ. ಗೋಡೆಯ ಬುಡದಿಂದ ಕೆಂಪು ನೀರು ಒಸರತೊಡಗಿತು. ಮಾಲೀಕ ಅದಕ್ಕೆ ಕತ್ತರಿಸಿ ಉಳಿದ ಜೀನ್ಸ್ ಚೂರುಗಳನ್ನು ತುರುಕಿಸಿದ. ಚೂರುಗಳು ನೆನೆದು ಉಬ್ಬಿದವು, ನೀರು ಅವುಗಳ ಮೇಲಿಂದ ಬಂತು. ನಾನು ಎದ್ದು ಹೋಗಿ ಅವನಿಗೆ ಹೇಳಿದೆ.

"ಗೋಡಿ ಹೊಟ್ಟಿ ಉಬ್ಬೈತ್ರೀ ಸಾವ್ಕಾರ್ರ. ಹಿಂದ ಗುಡ್ಡ ಜರಿಯಾಕತ್ತಂಗ ಐತಿ."

ಅವನು ಫೋನಿನಿಂದ ಮುಖ ಎತ್ತಲಿಲ್ಲ. "ಗುಡ್ಡ ಎಲ್ಲಿಗೆ ಹೋಗತೈತವ್ವ? ಅಲ್ಲೇ ಇರತೈತಿ. ಏನರ ಹೇಳೂದಿದ್ರ ಚೆಕಿಂಗ್‌ದಾಕಿಗೆ ಹೇಳು, ಆಕಿ ನನಗ ಹೇಳ್ತಾಳ. ಒಬ್ಬೊಬ್ರೇ ಎದ್ದು ಬರಬ್ಯಾಡ್ರಿ."

ಚೆಕಿಂಗ್‌ದಾಕಿ ಎಂದರೆ ನನ್ನ ನೆಗೆಣ್ಣಿ. ಅವಳಿಗೆ ಹೇಳುವುದೆಂದರೆ ನಾನು ಮೊದಲು ಬಾಯಿ ಬಿಡುವುದು. ನಾನು ವಾಪಸ್ ಬಂದು ಕೂತೆ.

ಮರುದಿನ ಬೆಳಿಗ್ಗೆ ಮೆಷಿನ್ ಬಂದ್ ಮಾಡಿದ ಮೇಲೂ ಟೇಬಲ್ ಅದುರುತ್ತಿರುವುದು ನನ್ನ ಮೊಣಕೈಗೆ ತಿಳಿಯಿತು. ಹೇಳದೆ ಬೇರೆ ದಾರಿ ಇರಲಿಲ್ಲ. ಮಾತು ಬಿಟ್ಟವರು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದೆ. ಅವಳಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, ನನ್ನ ಮೆಷಿನ್ನಿಗೆ.

"ಗೋಡಿ ನಡುಗಾಕತ್ತೈತಿ. ಬಾಗಲ ಹತ್ರ ಕುಂತೋರಿಗೆ ಏನಾಗಬೇಕು? ಹಿಂದ ಕುಂತೋರು ತಾನೇ ಸಾಯೋರು."

ಅವಳಿಗೆ ಕೇಳಿಸಿತು. ಕೇಳಿಸಿದ್ದು ಅವಳ ಕುತ್ತಿಗೆಯಿಂದಲೇ ನನಗೆ ಗೊತ್ತಾಯಿತು. ಆದರೆ ಆ ತರದ ಮಾತಿಗೆ ಒಂದೇ ಅರ್ಥ ನಮ್ಮಿಬ್ಬರ ನಡುವೆ ಉಳಿದಿತ್ತು, ಚುಚ್ಚುವುದು. ಚೆಕಿಂಗ್ ಟೇಬಲ್ ಬಾಗಿಲ ಹತ್ತಿರ ಇದೆಯೆಂದು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಅವಳು ತಿಳಿದಳು. ಅವಳು ಕೈಯಲ್ಲಿದ್ದ ಪ್ಯಾಂಟನ್ನು ಕೊಡವಿ, ಅದಕ್ಕೆ ಹೇಳಿದಳು.

"ಕೆಲವ್ರಿಗೆ ಹೊಲಿಗಿ ಬರಂಗಿಲ್ಲ, ಗೋಡಿ ನಡುಗತೈತಿ ಅಂತ ನೆವ ಹೇಳಾಕ ಬರತೈತಿ."

ಲೈನಿನಲ್ಲಿ ಎಲ್ಲರೂ ನಕ್ಕರು. ಆ ನಗು ಇವತ್ತಿಗೂ ನನಗೆ ಉರಿ. ಸ್ವಲ್ಪ ಹೊತ್ತಿಗೆ ನನ್ನ ಬಂಡಲ್ ಪೂರ್ತಿ ಆಲ್ಟರ್ ಆಗಿ ಬಂತು, ಒಂದೊಂದು ಪ್ಯಾಂಟಿನ ಮೇಲೂ ಚಾಕಿನ ದಪ್ಪ ಗೀಟು. ಅರ್ಧಕ್ಕೆ ಏನೂ ತಪ್ಪಿರಲಿಲ್ಲ. ನಾನು ಎದ್ದು ನಿಂತು, ಇನ್ನೊಂದು ಸಲ ಹೀಗೆ ಮಾಡಿದರೆ ಚೀಲ ತಗೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ, ಈ ಶೆಡ್ಡಿನ ಮುಖ ನೋಡುವುದಿಲ್ಲ ಎಂದು ತಗಡಿಗೆ ಕೇಳುವ ಹಾಗೆ ಕೂಗಿದೆ. ಮಾಲೀಕ ಕೋಣೆಯಿಂದ ಇಣುಕಿದ. ಎಲ್ಲರೂ ಕೇಳಿಸಿಕೊಂಡರು. ಇದು ಆಮೇಲೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಆಗ ಹೇಗೆ ಗೊತ್ತಾಗಬೇಕು?

ಊಟದ ಹೊತ್ತಿಗೆ ಎಲ್ಲರೂ ಮುಂದಿನ ಪಡಸಾಲೆಗೆ ಹೋಗಿ ಬುತ್ತಿ ಬಿಚ್ಚಿದರು. ಮಳೆ ತಗಡಿನ ಮೇಲೆ ಜೋರಾಗಿ ಹೊಡೆಯುತ್ತಿತ್ತು. ನಾನು ಹೋಗಲಿಲ್ಲ. ಆಲ್ಟರ್ ಬಿಚ್ಚುತ್ತಾ ಒಬ್ಬಳೇ ಕೂತಿದ್ದೆ, ಒಂದೊಂದು ನೂಲು ಕೀಳುವಾಗಲೂ ಅವಳಿಗೆ ಒಂದೊಂದು ಶಾಪ ಹಾಕುತ್ತಿದ್ದೆ.

ಮೊದಲು ಸದ್ದೇನೂ ಬರಲಿಲ್ಲ. ಮೆಷಿನ್ ಟೇಬಲ್ ತಾನಾಗಿ ಸರಿದು ನನ್ನ ಹೊಟ್ಟೆಗೆ ಒತ್ತಿತು. ಆಚೆ ಯಾರೋ ನೂಕುತ್ತಿದ್ದಾರೆ ಅನಿಸಿ ನಾನು ಸಿಟ್ಟಿನಿಂದ ತಿರುಗಿ ನೂಕಿದೆ. ಆಗ ಗೋಡೆ ಬಾಯಿ ಬಿಟ್ಟಿತು. ಕೆಂಪು ಮಣ್ಣು ಅಂಬಲಿಯ ಹಾಗೆ ನಿಧಾನವಾಗಿ ಒಳಗೆ ಬಂತು, ಅದರ ಹಿಂದೆ ಕಲ್ಲುಗಳು ಮಾತ್ರ ನಿಧಾನ ಮಾಡಲಿಲ್ಲ. ನಾನು ಪಕ್ಕಕ್ಕೆ ಬಿದ್ದೆ. ಅಲ್ಲಿ ಜೀನ್ಸ್ ಬಟ್ಟೆಯ ದೊಡ್ಡ ಸುರುಳಿಗಳನ್ನು ಒಟ್ಟಿದ್ದರು, ಅವುಗಳ ಸಂದಿಗೆ ಬಿದ್ದೆ. ಮೇಲಿನಿಂದ ತಗಡು ಕೆಳಗೆ ಬಂತು. ಬೆಳಕು ಹೋಯಿತು.

ಬದುಕಿದ್ದೇನೆ ಎಂದು ತಿಳಿದದ್ದು ಬಲಗಾಲಿನ ನೋವಿನಿಂದ. ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡು ಅದರ ಮೇಲೆ ಕೂತಿತ್ತು. ಬಾಯಿ ತುಂಬ ಮಣ್ಣು. ಎದೆಯ ಮೇಲೆ ಸುರುಳಿಯ ಭಾರ, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕೂಗಬೇಕೆಂದರೆ ಕೆಮ್ಮು ಬಂತು, ಕೆಮ್ಮಿದರೆ ಇನ್ನಷ್ಟು ಮಣ್ಣು ಒಳಗೆ ಹೋಯಿತು. ಒದ್ದೆ ಮಣ್ಣು ಮೊಣಕಾಲಿನಿಂದ ಸೊಂಟದ ಕಡೆ ಮೆಲ್ಲಗೆ ಏರುತ್ತಿರುವುದು ಗೊತ್ತಾಗುತ್ತಿತ್ತು. ಹೊರಗಿನವರ ಮಾತು ತಗಡಿನ ಮೂಲಕ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು.

ಮೊದಲು ಕೇಳಿಸಿದ್ದು ಮಾಲೀಕನ ದನಿ. "ಎಲ್ಲಾರೂ ಹೊರಗ ಅದೀರಿ ಹೌದಿಲ್ಲೋ? ಒಳಗ ಯಾರೂ ಇಲ್ಲಲ್ಲ?"

ಯಾರೋ ನನ್ನ ಹೆಸರು ಹೇಳಿ, ಅವಳೊಬ್ಬಳು ಕಾಣುತ್ತಿಲ್ಲ ಎಂದರು.

"ಆಕಿ ಬಸ್‌ಸ್ಟ್ಯಾಂಡಿಗೆ ಹೋಗ್ತೀನಿ ಅಂತ ಮುಂಜಾನೆ ಒದರಿದ್ಲಲ್ಲ, ಹೋಗಿರಬೇಕು. ಯಾರೂ ಹತ್ರ ಹೋಗಬ್ಯಾಡ್ರಿ, ಮ್ಯಾಲೆ ಇನ್ನೊಂದು ಗುಂಡುಗಲ್ಲು ನಿಂತೈತಿ, ಅದೂ ಬರತೈತಿ. ಹಿಂದ ಸರೀರಿ, ಎಲ್ಲಾರೂ ರಸ್ತಾಕ್ಕ ಹೋಗ್ರಿ."

ಅವನ ದನಿಯಲ್ಲಿ ಸಮಾಧಾನ ಇತ್ತು. ಒಳಗೆ ಯಾರೂ ಇಲ್ಲದಿದ್ದರೆ ಅದು ಬರಿ ಗೋಡೆ ಬಿದ್ದ ಸುದ್ದಿ. ಒಬ್ಬಳಿದ್ದರೆ ಪೊಲೀಸರು ಬರುತ್ತಾರೆ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿರುವುದು ಅವನಿಗೆ ಬೇಕಾಗಿತ್ತು. ಅವನನ್ನು ಅವತ್ತು ದ್ವೇಷಿಸಿದಷ್ಟು ನಾನು ಇನ್ಯಾರನ್ನೂ ದ್ವೇಷಿಸಿಲ್ಲ.

ಜನರ ಸದ್ದು ದೂರವಾಯಿತು. ಹೋಗುತ್ತಿದ್ದಾರೆ ಎಂದು ತಿಳಿಯಿತು. ಆಗ ತಗಡಿನ ಮೇಲೆ ಒಬ್ಬರ ಹೆಜ್ಜೆ ಬಂತು. ನೆಗೆಣ್ಣಿಯ ಹೆಜ್ಜೆ. ಒಂದೇ ಮನೆಯಲ್ಲಿದ್ದು ಮಾತಾಡದವರಿಗೆ ಹೆಜ್ಜೆಯ ಗುರುತು ಚೆನ್ನಾಗಿ ಇರುತ್ತದೆ.

"ಒಳಗ ಯಾರರ ಅದೀರೇನು?" ಎಂದು ಅವಳು ಕೂಗಿದಳು.

ಯಾರರ. ನಾನು ಒಳಗಿದ್ದೇನೆ ಎಂದು ಗೊತ್ತಿದ್ದೇ ಬಂದವಳು, ಆಲ್ಟರ್ ಕೊಟ್ಟು ಕೂರಿಸಿದವಳು ಅವಳೇ ತಾನೆ? ಆದರೂ ಲೇ ಅನ್ನಲಿಲ್ಲ, ತಂಗಿ ಅನ್ನಲಿಲ್ಲ. ಗೋಡೆಗೆ ಕೇಳಿದ ಹಾಗೆ ಯಾರರ ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಮಣ್ಣಿನಲ್ಲಿ ಹೂತಿದ್ದೇನೆ, ಇವಳಿಗೆ ಇನ್ನೂ ಸೋಲು ಗೆಲುವಿನ ಲೆಕ್ಕ ಎನಿಸಿತು. ನಾನು ಹಲ್ಲು ಕಚ್ಚಿದೆ. ಇದನ್ನು ಹೇಳಿದಾಗಲೆಲ್ಲ ಜನ ನಂಬುವುದಿಲ್ಲ, ಸಾಯುವ ಹೊತ್ತಿನಲ್ಲಿ ಯಾರಾದರೂ ಹಟ ಮಾಡುತ್ತಾರಾ ಎನ್ನುತ್ತಾರೆ. ನಂಬದವರು ವರ್ಷಗಟ್ಟಲೆ ಮಾತು ಬಿಟ್ಟು ನೋಡಲಿ. ಅರ್ಧ ಹಟ, ಇನ್ನರ್ಧ ಮಂಪರು. ಕಾಲಿನ ನೋವು ಕಮ್ಮಿಯಾಗುತ್ತಾ ಬಂದಿತ್ತು, ನಿದ್ದೆ ಬಂದ ಹಾಗೆ ಆಗುತ್ತಿತ್ತು. ಸುಮ್ಮನಿರುವುದು ಸುಖವಾಗಿತ್ತು.

ಹೊರಗೆ ಮಾಲೀಕ ಕೂಗುತ್ತಿದ್ದ. "ಏ ಅವ್ವಾ, ಇಳಿ ಕೆಳಗ! ಯಾರೂ ಇಲ್ಲ ಅಂದೆನಲ್ಲ!"

ಅವಳು ಇಳಿಯಲಿಲ್ಲ. ತಗಡಿನ ಮೇಲೆ ಕುಕ್ಕರಿಸಿದ ಸದ್ದಾಯಿತು. ಆಮೇಲೆ ಬೈಯತೊಡಗಿದಳು. ನನಗಲ್ಲ, ತಗಡಿಗೆ.

"ಇಂಥಾಕಿ ನಮ್ಮ ಮನಿಗೆ ಬಂದಾಳ ನೋಡು. ಹೊತ್ತೇರಿದ ಮ್ಯಾಲೆ ಏಳ್ತಾಳ. ಸಾರು ಕುದಿಸಿದ್ರ ತಳಾ ಹತ್ತಿಸ್ತಾಳ. ಓದೀನಿ ಓದೀನಿ ಅಂತ ಮೆರಿತಾಳ, ಎಮ್ಮಿ ಹಾಲು ಹಿಂಡಾಕ ಬರಂಗಿಲ್ಲ."

ಅವೆಲ್ಲ ಖರೇ ಮಾತು. ಖರೇ ಮಾತಿಗೆ ಏನು ಉತ್ತರ ಕೊಡುವುದು?

"ನನ್ನ ಮ್ಯಾಗ ಬಂಡಲ್ ಒಗದಾಳ. ಅತ್ತಿ ಮುಂದ ನನ್ನ ಮ್ಯಾಲೆ ಚಾಡಿ ಹೇಳ್ಯಾಳ. ಗಂಡನ ಕಿವಿ ಊದಿ ಬ್ಯಾರೆ ಒಲಿ ಹೂಡಾಕ ಕುಂತಾಳ."

ಅದೂ ಹೆಚ್ಚು ಕಡಿಮೆ ಖರೆ. ಅವಳ ದನಿ ದೂರ ಹೋಗುತ್ತಾ ಇತ್ತು, ಅಥವಾ ನಾನು ದೂರ ಹೋಗುತ್ತಿದ್ದೆ. ಅವಳು ತಗಡನ್ನು ಎರಡು ಸಲ ಕೈಯಿಂದ ಬಡಿದಳು. ಮತ್ತೆ ಶುರು ಮಾಡಿದಾಗ ದನಿ ಬೇರೆ ಆಗಿತ್ತು, ಸೀಳಿದ ಹಾಗೆ.

"ಇಕಿ ಅಪ್ಪ ಎಂಥಾವ ಅಂತ ಊರಿಗೇ ಗೊತ್ತೈತಿ. ಮದುವಿ ದಿವಸ ನಮ್ಮ ಮಂದಿಗೆ ಹಳಸಿದ ಅನ್ನ ಹಾಕಿಸಿದ. ತುಪ್ಪದ ಗಡಿಗಿ ಒಳಗಿಟ್ಟು ಬಾಗಲಾ ಹಾಕ್ಕೊಂಡು ಕುಂತ. ನಾವು ಹಸಕೊಂಡು ಎದ್ದು ಬಂದ್ವಿ!"

ನನ್ನ ಅಪ್ಪ ಸಿರುಗುಪ್ಪದಿಂದ ಅಡುಗೆಯವರನ್ನು ಕರೆಸಿದ್ದ. ಇನ್ನೂ ಹಾಕು, ಇನ್ನೂ ಹಾಕು ಎಂದು ಅವರಿಗೆ ತೆಲುಗಿನಲ್ಲಿ ಹೇಳುತ್ತಾ ತುಪ್ಪದ ಗಡಿಗೆ ಹಿಡಿದು ಪಂಗ್ತಿಯ ತುದಿಯಿಂದ ತುದಿಗೆ ಓಡಾಡಿದ್ದ. ಬೀಗರನ್ನು ಕರೆತಂದ ವ್ಯಾನಿನ ಡ್ರೈವರನನ್ನೂ ಕೈ ಹಿಡಿದು ಎಲೆಯ ಮುಂದೆ ಕೂರಿಸಿದ್ದ. ತಾನು ಉಂಡದ್ದು ಎಲ್ಲರ ಎಲೆ ಎತ್ತಿದ ಮೇಲೆ. ಅಂಥ ಅಪ್ಪ, ಮಣ್ಣಿಗೆ ಹೋದ ಅಪ್ಪ. ನನ್ನ ನಿದ್ದೆ ಎಲ್ಲಿಗೆ ಹಾರಿತೋ ಗೊತ್ತಿಲ್ಲ. ಬಾಯಲ್ಲಿದ್ದದ್ದನ್ನು ಉಗುಳಿದೆ, ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿದೆ.

"ಸುಳ್ಳೀ! ನಿನ್ನ ಬಾಯಾಗ ಮಣ್ಣು ಬೀಳಲಿ!"

ಹಿರಿಯಳಾದ ಅವಳಿಗೆ ನಾನು ಅದಕ್ಕೂ ಮೊದಲು ಯಾವತ್ತೂ ಏಕವಚನ ಆಡಿದವಳಲ್ಲ.

ಮೇಲೆ ತಗಡು ಧಡಧಡ ಎಂದಿತು. "ಇಲ್ಲೇ ಅದಾಳ! ಇಲ್ಲೇ ಅದಾಳ! ಹಾರಿ ತರ್ರಿ, ಸಲಿಕಿ ತರ್ರಿ, ನಿಂತು ಏನು ನೋಡ್ತೀರಿ!" ಎಂದು ಅವಳು ಚೀರಿದಳು. ಎಷ್ಟೋ ಕಾಲುಗಳು ಓಡಿ ಬಂದವು. ಆಮೇಲೆ ಅವಳು ಬಗ್ಗಿ ಬಾಯನ್ನು ತಗಡಿಗೆ ಹಚ್ಚಿ ಕೇಳಿದಳು, ಈ ಸಲ ನೇರ ನನಗೆ.

"ಸುಳ್ಳೇನಲೇ? ತುಪ್ಪ ಎಲ್ಲಿತ್ತು ಹೇಳು, ನೋಡೋಣು!"

"ನಿನ್ನ ಎಲಿ ಮ್ಯಾಲೇ ಇತ್ತು! ಮೂರು ಸಲ ಹಾಕಿಸ್ಕೊಂಡಿ!"

"ಈ ಕಡಿಗೆ ಅಗೀರಿ, ಬಲಕ್ಕ!" ಎಂದು ಯಾರಿಗೋ ಹೇಳಿ, ಮತ್ತೆ ನನಗೆ, "ನಾ ಎಲ್ಲಿ ಉಂಡೆ? ನನಗ ಎಲಿನೇ ಹಾಕಲಿಲ್ಲ ನಿಮ್ಮ ಮಂದಿ!"

"ನನ್ನಪ್ಪನೇ ನಿನ್ನ ಕೂರಿಸ್ಯಾನ! ಕಣ್ಣು ಹೋಗಿದ್ದುವೇನು ನಿನಗ!"

"ಇನ್ನೂ ಕೆಳಗ, ಇನ್ನೂ ಕೆಳಗ!"

ನನ್ನ ದನಿ ಎಲ್ಲಿಂದ ಬರುತ್ತದೋ ಅಲ್ಲಿ ಅಗೆದರು. ನನ್ನ ದನಿ ಕುಗ್ಗಿದಾಗಲೆಲ್ಲ ಅವಳು ಹೊಸದೊಂದು ಎಳೆದು ತಂದಳು. ನನ್ನ ಅಣ್ಣಂದಿರು ಬೀಗರಿಗೆ ಕಾಲಿಗೆ ನೀರು ಕೊಡಲಿಲ್ಲ, ನನ್ನ ತಾಯಿ ಅರಿಶಿನ ಕುಂಕುಮ ಕೊಡುವಾಗ ಮುಖ ತಿರುವಿದಳು. ಒಂದಾದರೂ ಖರೆ ಇಲ್ಲ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ, ಬಿಡಲಿಲ್ಲ. ಕೊನೆಗೆ ತಗಡು ಎದ್ದು ಮಳೆಯ ನೀರು ನನ್ನ ಮುಖಕ್ಕೆ ಬಿದ್ದಾಗ ಅವಳ ಕೈಗಳು ನನ್ನ ಕಂಕುಳಲ್ಲಿದ್ದವು, ನಾನು ಇನ್ನೂ ಬೈಯುತ್ತಲೇ ಇದ್ದೆ.

ಕಾಲು ಉಳಿಯಿತು, ಸ್ವಲ್ಪ ಸೊಟ್ಟಗೆ ಉಳಿಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅದಕ್ಕೆ ಕಬ್ಬಿಣದ ಸಲಾಕೆ ಹಾಕಿದರು. ಮಾಲೀಕ ನನ್ನನ್ನು ನೋಡಲು ಬರಲಿಲ್ಲ. ಊಟದ ಹೊತ್ತಿನಲ್ಲಿ ಒಳಗೆ ಕೂರಲು ತಾನು ಯಾರಿಗೂ ಹೇಳಿರಲಿಲ್ಲ ಎಂದು ಹೇಳಿ ಕಳಿಸಿದ. ಮೇಲೆ ನಿಂತಿದ್ದ ಇನ್ನೊಂದು ಗುಂಡು ಮರುದಿನ ಇಳಿದು ಉಳಿದ ಗೋಡೆಯನ್ನೂ ಕೆಡವಿತಂತೆ. ಆ ಶೆಡ್ಡಿನ ಬಗ್ಗೆ ನನಗೆ ಅಷ್ಟೇ ಸಾಕು.

ಆದರೆ ಅವಳ ಸುಳ್ಳು ನನಗಿಂತ ಮೊದಲು ಊರು ಮುಟ್ಟಿತ್ತು. ಅವತ್ತು ಅಲ್ಲಿದ್ದ ಹೆಂಗಸರು ಅದನ್ನು ಬಸ್ಸಿನಲ್ಲಿ ಹೇಳಿದರು, ಬಸ್ಸಿನವರು ಕುರುಗೋಡಿನಲ್ಲಿ ಹೇಳಿದರು. ನನ್ನ ಅಪ್ಪ ಬೀಗರಿಗೆ ಹಳಸಿದ ಅನ್ನ ಹಾಕಿದವನು ಎಂದು ಸತ್ತ ಮೇಲೆ ಹೆಸರಾಯಿತು. ತೆಕ್ಕಲಕೋಟೆಯಿಂದ ನನ್ನ ಅಣ್ಣಂದಿರು ಸಿಟ್ಟಿನಿಂದ ಆಸ್ಪತ್ರೆಗೇ ಬಂದರು. ನೆಗೆಣ್ಣಿ ನಾಲ್ಕು ಜನರ ಮುಂದೆ ತಪ್ಪಾಯಿತು ಅನ್ನಬೇಕು, ಇಲ್ಲದಿದ್ದರೆ ಈ ಬೀಗತನವೇ ಬೇಡ ಎಂದರು. ಅವಳು ವಾರ್ಡಿನ ಮೂಲೆಯಲ್ಲಿ ನಿಂತು ಬಾಯಿ ಬಿಡಲಿಲ್ಲ. ನನ್ನ ಭಾವ, ಅವಳ ಗಂಡ, ಕೈ ಮುಗಿದ. ಅವಳು ಮುಗಿಯಲಿಲ್ಲ. ಅಣ್ಣಂದಿರು ಎದ್ದು ಹೋದರು.

ಎಲ್ಲರೂ ಹೋದ ಮೇಲೆ ಅವಳು ಸ್ಟೂಲ್ ಎಳೆದುಕೊಂಡು ಕೂತು ಮೂಸಂಬಿ ಸುಲಿಯತೊಡಗಿದಳು. ಉಗುರುಗಳಿಗೆ ಬಟ್ಟೆ ಸುತ್ತಿದ್ದರು, ತಗಡಿನಡಿಯ ಮಣ್ಣು ಬಗೆದು ಅವು ಕಿತ್ತುಹೋಗಿದ್ದವು. ನೋಡಿ ನನಗೆ ಕನಿಕರ ಬಂತು ಎಂದು ಬರೆಯಬಹುದು, ಬರಲಿಲ್ಲ. ಸಿಟ್ಟೇ ಬಂತು.

"ಸುಳ್ಳು ಅಂತ ನಿನಗ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ನಿನ್ನ ಕೈಯಾರೆ ತುಪ್ಪಾ ಉಂಡಿ."

"ಉಂಡೀನಿ. ಅಂಥ ಊಟ ನಾನು ಮತ್ತೆಲ್ಲೂ ಉಂಡಿಲ್ಲ."

"ಮತ್ತ ಯಾಕಂದಿ? ಬೈಯಾಕ ನನ್ನ ಮ್ಯಾಲೆ ಬೇಕಾದಷ್ಟು ಇತ್ತಲ್ಲ. ಸತ್ತ ಮನಿಷ್ಯಾ ಯಾಕ ಬೇಕಾದ ನಿನಗ?"

ಅವಳು ಮೂಸಂಬಿಯ ತೊಳೆ ಬಿಡಿಸುತ್ತಲೇ ಹೇಳಿದಳು. "ನಿನ್ನ ಮ್ಯಾಲೆ ಏನಂದ್ರೂ ನೀ ಮಾತಾಡಲಿಲ್ಲ. ನಿಮ್ಮಪ್ಪನ್ನ ಅಂದ್ರ ಸುಮ್ಕಿರಾಕಿ ಅಲ್ಲ ನೀನು. ಅದಕ್ಕೂ ಸುಮ್ಕಿದ್ದಿದ್ರ, ಹೋದ್ಲು ಅಂತ ತಿಳಕೊಂಡು ಇಳಿತಿದ್ದೆ. ಅದನ್ನ ಬಿಟ್ರ ನನ್ನ ಹತ್ರ ಅನ್ನಾಕ ಏನೂ ಉಳಿದಿದ್ದಿಲ್ಲ."

ಬಿಡಿಸಿದ ತೊಳೆಯನ್ನು ನನ್ನ ಬಾಯಿಗೆ ಹಿಡಿದಳು. ನಾನು ಮುಖ ತಿರುವಿದೆ.

"ನಾಲ್ಕ ಮಂದಿ ಮುಂದ ಆ ಮಾತು ವಾಪಸ್ ತಗೋ," ಎಂದೆ.

"ತಗೊಳ್ಳಂಗಿಲ್ಲ. ಆ ಮಾತು ಅಂದು ನಿನ್ನ ಹೊರಗ ತೆಗೆದೀನಿ. ತಪ್ಪಾತು ಅಂತ ಹೆಂಗ ಅನ್ಲಿ?"

"ತಗೊಳ್ಳತನಕ ನಾ ಬಿಡಂಗಿಲ್ಲ."

"ಬಿಡಬ್ಯಾಡ," ಎಂದು ತೊಳೆಯನ್ನು ಮತ್ತೆ ಬಾಯಿಗೆ ಹಿಡಿದಳು. ನರ್ಸ್ ಬಂದು ಪಕ್ಕದ ಹಾಸಿಗೆಯವರಿಗೆ ನಿದ್ದೆ ಇಲ್ಲ, ಹೊರಗೆ ಹೋಗಿ ಜಗಳ ಆಡಿ ಎಂದು ಗದರಿಸುವವರೆಗೂ ನಾವು ನಿಲ್ಲಿಸಲಿಲ್ಲ.